ಸುಕ್ಕಿಗೂ ಸೀಳಿಗೂ ನಡುವೆ

ಪಲ್ಲಾವರಂನಲ್ಲಿ ಶುಕ್ರವಾರ ಸಂತೆ. ಹಳೇ ಫ್ರಿಜ್ಜು, ಕಾಲು ಮುರಿದ ಕುರ್ಚಿ, ಬಿಚ್ಚಿಟ್ಟ ಕಂಪ್ಯೂಟರು, ಗುಲಾಬಿ ಸಸಿ, ಒಂದೇ ಕಾಲಿನ ಚಪ್ಪಲಿ, ಹೀಗೆ ಏನು ಬೇಕಾದರೂ ಸಿಗುವ ಸಂತೆ. ತಲೆಯ ಮೇಲೆ ಹತ್ತು ನಿಮಿಷಕ್ಕೊಮ್ಮೆ ವಿಮಾನ ಇಳಿಯುತ್ತದೆ, ಚೌಕಾಸಿ ಅರ್ಧಕ್ಕೆ ನಿಲ್ಲುತ್ತದೆ, ಸದ್ದು ಹೋದ ಮೇಲೆ ಅದೇ ರೂಪಾಯಿಯಿಂದ ಮತ್ತೆ ಶುರುವಾಗುತ್ತದೆ. ಹರಿಹರದ ಮೇಸ್ತ್ರಿ ಅಲ್ಲಿಗೆ ಹೋಗುವುದು ಹಳೇ ವರ್ನಿಯರ್, ಮೈಕ್ರೋಮೀಟರ್ ಹುಡುಕಲು. ಕೊಳ್ಳುವುದು ಅಪರೂಪ. ಕೈಗೆ ತೆಗೆದುಕೊಂಡು, ದವಡೆ ಮುಚ್ಚಿ, ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ನುಸುಳಿದರೆ ಹಾಗೇ ಇಟ್ಟುಬರುತ್ತಾರೆ.

ಮೇಸ್ತ್ರಿಯ ಅಪ್ಪ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾರ್ಮಿಕ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತು ಮಾಡಿಕೊಟ್ಟ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಊರಿನ ಹುಡುಗರು ಕೆಲಸ ಸಿಕ್ಕ ಕಡೆಗೆ ಚದುರಿದರು. ಪೀಣ್ಯಕ್ಕೆ ಹೋದವರು ಹೆಚ್ಚು, ಪುಣೆಗೆ ಹೋದವರು ಕೆಲವರು. ಇವರು ಮದ್ರಾಸಿಗೆ ಬಂದರು. ಆಗ ಮರೈಮಲೈ ನಗರದಲ್ಲಿ ಫೋರ್ಡ್, ಇರುಂಗಾಟ್ಟುಕೋಟೈಯಲ್ಲಿ ಹ್ಯುಂಡೈ ಕಾರು ಬಿಡುತ್ತಿದ್ದವು. ಆ ಕಾರುಗಳಿಗೆ ಬೇಕಾದ ಸಾವಿರಾರು ಸಣ್ಣಪುಟ್ಟ ತಗಡಿನ ಭಾಗಗಳನ್ನು ಒತ್ತಿಕೊಡುವ ಪ್ರೆಸ್ ಶಾಪುಗಳು ಗಿಂಡಿ, ಅಂಬತ್ತೂರು, ಪಲ್ಲಾವರಂನ ಗಲ್ಲಿಗಳಲ್ಲಿ ಹಗಲೂ ರಾತ್ರಿ ಕುಟ್ಟುತ್ತಿದ್ದವು. ಇಪ್ಪತ್ತು ವರ್ಷದ ಮೇಲಾಯಿತು. ಅವರ ಎಡಗೈಯ ತೋರುಬೆರಳಿಗೆ ತುದಿ ಇಲ್ಲ. ಅದು ಈ ಶಾಪಿನಲ್ಲಿ ಹೋದದ್ದಲ್ಲ, ಇದಕ್ಕೂ ಹಿಂದಿನ ಒಂದರಲ್ಲಿ. ಕೇಳಿದವರಿಗೆ ‘ಅದರ ಮಾತು ಬಿಡ್ರಿ’ ಎನ್ನುತ್ತಾರೆ.

ತಗಡಿಗೆ ತಮಿಳಿನಲ್ಲೂ ತಗಡು ಎಂದೇ ಹೆಸರು. ಅಚ್ಚು ಅಚ್ಚೇ. ಹಾಗಾಗಿ ಮೊದಲ ದಿನದಿಂದಲೇ ಮೇಸ್ತ್ರಿಗೆ ಭಾಷೆಯ ತೊಂದರೆ ಅಷ್ಟಾಗಿ ಆಗಲಿಲ್ಲ. ತೊಂದರೆ ಕೊಟ್ಟದ್ದು ಸುಕ್ಕು. ಪೀಸಿನ ಅಂಚಿನಲ್ಲಿ ನಿರಿಗೆ ಎದ್ದಾಗ ಅವರು ‘ಸುಕ್ಕು, ಸುಕ್ಕು’ ಎಂದು ಕೂಗಿದರೆ ಹೆಲ್ಪರ್ ಹುಡುಗ ನಕ್ಕುಬಿಟ್ಟಿದ್ದ. ತಮಿಳಿನಲ್ಲಿ ಸುಕ್ಕು ಅಂದರೆ ಒಣಶುಂಠಿ. ಈಗಲೂ ಆ ಶಾಪಿನಲ್ಲಿ ಬೇರೆ ಕಡೆ ರಿಂಕಲ್ ಎನ್ನುವುದನ್ನು ಒಣಶುಂಠಿ ಎನ್ನುತ್ತಾರೆ, ಅದು ಯಾಕೆಂದು ಹೊಸ ಹುಡುಗರಿಗೆ ಗೊತ್ತಿಲ್ಲ.

ಈ ಒಣಶುಂಠಿ ಯಾಕೆ ಏಳುತ್ತದೆ ಎಂಬುದನ್ನು ತಿಳಿಯಲು ಕಾರ್ಖಾನೆಗೆ ಹೋಗಬೇಕಿಲ್ಲ. ದುಂಡಗೆ ಕತ್ತರಿಸಿದ ಬಟ್ಟೆಯನ್ನು ಲೋಟದ ಬಾಯಿಯ ಮೇಲೆ ಹಾಸಿ ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದರೆ ಸಾಕು. ಅಂಚೆಲ್ಲ ನಿರಿಗೆಯಾಗುತ್ತದೆ. 200 ಮಿಲಿಮೀಟರ್ ವ್ಯಾಸದ ದುಂಡು ತಗಡನ್ನು 100 ಮಿಲಿಮೀಟರ್ ವ್ಯಾಸದ ಬಟ್ಟಲಾಗಿ ಎಳೆಯುವುದಾದರೆ, 628 ಮಿಲಿಮೀಟರ್ ಇದ್ದ ಅಂಚಿನ ಸುತ್ತಳತೆ 314ಕ್ಕೆ ಇಳಿಯಬೇಕು. ತಗಡಿನ ದಪ್ಪ ಹೆಚ್ಚೂಕಡಿಮೆ ಹಾಗೇ ಉಳಿದರೆ ಬಟ್ಟಲಿನ ಎತ್ತರ 75 ಮಿಲಿಮೀಟರ್ ಆಗುತ್ತದೆ. ಅಂಚಿನಲ್ಲಿ ಹೆಚ್ಚಾದ ಲೋಹಕ್ಕೆ ಹೋಗಲು ಜಾಗ ಬೇಕು. ಜಾಗ ಸಿಗದಿದ್ದರೆ ಅದು ಮೇಲೆದ್ದು ನಿಲ್ಲುತ್ತದೆ, ಅದೇ ಸುಕ್ಕು. ಏಳದ ಹಾಗೆ ಅಂಚನ್ನು ಒತ್ತಿ ಹಿಡಿಯಲು ಬ್ಲ್ಯಾಂಕ್ ಹೋಲ್ಡರ್ ಎಂಬ ಉಕ್ಕಿನ ಚೌಕಟ್ಟು ಇರುತ್ತದೆ. ಅದನ್ನು ಬಿಗಿ ಮಾಡಿದರೆ ಸುಕ್ಕು ಹೋಗುತ್ತದೆ. ಇನ್ನೂ ಬಿಗಿ ಮಾಡಿದರೆ ಲೋಹ ಒಳಕ್ಕೆ ಜಾರುವುದೇ ನಿಂತು, ಪಂಚು ಮಾತ್ರ ಇಳಿಯುತ್ತಾ ಹೋಗಿ, ತಳದ ಮೂಲೆಯಲ್ಲಿ ತಗಡು ತೆಳುವಾಗಿ ತೆಳುವಾಗಿ ಸೀಳುತ್ತದೆ. ಸುಕ್ಕಿಗೂ ಸೀಳಿಗೂ ನಡುವೆ ಇರುವ ಜಾಗ ಕೆಲವು ಪೀಸುಗಳಿಗೆ ಧಾರಾಳ, ಕೆಲವಕ್ಕೆ ಕೂದಲೆಳೆಯಷ್ಟು. ಒಂದೇ ಎಳೆತಕ್ಕೆ ತಗಡಿನ ವ್ಯಾಸ ಬಟ್ಟಲಿನ ವ್ಯಾಸದ ಸುಮಾರು ಎರಡು ಪಟ್ಟು ದಾಟಿದರೆ ಆ ಜಾಗವೇ ಉಳಿಯುವುದಿಲ್ಲ.

ಶಾಪಿಗೆ ಕಾಟ ಕೊಡುತ್ತಿದ್ದದ್ದು ಜನರೇಟರ್ ಎಂಜಿನ್ನಿನ ಆಯಿಲ್ ಪ್ಯಾನ್. 1.2 ಮಿಲಿಮೀಟರ್ ದಪ್ಪದ ತಗಡಿನಲ್ಲಿ ಒತ್ತಿದ, ಮೂಲೆಗಳು ದುಂಡಗಿರುವ ಆಳವಾದ ಚೌಕ ತಟ್ಟೆ. ಚೌಕ ಪೀಸಿನಲ್ಲಿ ನೇರ ಬದಿಗಳು ಬರೀ ಬಾಗುತ್ತವೆ, ನಿಜವಾದ ಎಳೆತವೆಲ್ಲ ನಾಲ್ಕು ಮೂಲೆಗಳಲ್ಲಿ. ಒತ್ತಿದ ಮೇಲೆ ಪ್ಯಾನಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಬಂದರೆ ಎಲ್ಲೋ ಕಣ್ಣಿಗೆ ಕಾಣದ ಸೀಳಿದೆ ಎಂದರ್ಥ. ನೂರಕ್ಕೆ ಹತ್ತು ಹನ್ನೆರಡರಲ್ಲಿ ಗುಳ್ಳೆ ಬರುತ್ತಿತ್ತು. ಗ್ರಾಹಕ ಕಂಪನಿಯವರು ಇನ್ನೆರಡು ಲಾಟ್ ನೋಡುತ್ತೇವೆ ಎಂದಿದ್ದರು. ಆಮೇಲೆ? ಈ ಧಂಧೆಯಲ್ಲಿ ಅಚ್ಚು ಗ್ರಾಹಕನ ಸ್ವತ್ತು. ಪತ್ರ, ನೋಟೀಸು ಯಾವುದೂ ಬರುವುದಿಲ್ಲ. ಒಂದು ದಿನ ಲಾರಿ ಬರುತ್ತದೆ, ಅಚ್ಚನ್ನು ಎತ್ತಿಕೊಂಡು ಬೇರೆ ಶಾಪಿಗೆ ಹೋಗುತ್ತದೆ. ಆ ಪ್ಯಾನನ್ನೇ ನೆಚ್ಚಿಕೊಂಡು ಎರಡನೇ ಪಾಳಿ ನಡೆಯುತ್ತಿತ್ತು. ಎರಡನೇ ಪಾಳಿಯಲ್ಲಿ ಒಂಬತ್ತು ಜನ.

ಮೇಸ್ತ್ರಿ ಇಷ್ಟು ವರ್ಷ ಅದನ್ನು ನಿಭಾಯಿಸಿದ್ದು ಕಿವಿಯಿಂದ. ಪಂಚು ಇಳಿಯುವಾಗ ತಗಡು ಒಂದು ಥರ ಕಿರ್ ಎನ್ನುತ್ತದೆ, ಸೀಳುವ ಮುಂಚೆ ಇನ್ನೊಂದು ಥರ. ಕುಷನ್ ಪ್ರೆಶರಿನ ವಾಲ್ವಿನ ಮೇಲೆ ಅವರ ಕೈ. ಬೆಳಿಗ್ಗೆ ಒಂದು ತಿರುವು ಬಿಗಿ, ಊಟದ ಹೊತ್ತಿಗೆ ಅರ್ಧ ತಿರುವು ಸಡಿಲ. ಅವರು ಇದ್ದ ಪಾಳಿಯಲ್ಲಿ ಗುಳ್ಳೆ ಕಡಿಮೆ, ಇಲ್ಲದ ಪಾಳಿಯಲ್ಲಿ ಹೆಚ್ಚು. ಮೊದಲಾಳಿ, ಅಂದರೆ ಶಾಪಿನ ಮಾಲೀಕ, ಇದನ್ನು ಹೊಗಳಿಕೆಯಂತೆಯೂ ಬೈಗುಳದಂತೆಯೂ ಹೇಳುತ್ತಿದ್ದ.

ಹಾಗಿರುವಾಗ ಬಂದವಳು ಗದಗಿನ ಹುಡುಗಿ. ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಎಂ.ಇ. ಓದುತ್ತಿದ್ದವಳು, ಪ್ರಾಜೆಕ್ಟಿಗೆ ಒಂದು ಶಾಪು ಬೇಕಿತ್ತು. ಮೊದಲ ವಾರ ‘ಸರ್’ ಎನ್ನುತ್ತಿದ್ದಳು. ಮೇಸ್ತ್ರಿ ಫೋನಿನಲ್ಲಿ ಹರಿಹರಕ್ಕೆ ಮಾತಾಡುವುದನ್ನು ಕೇಳಿಸಿಕೊಂಡ ದಿನದಿಂದ ‘ಕಾಕಾ’ ಆಯಿತು. ಅವಳ ಕೈಯಲ್ಲಿ ಒಂದು ಹಾಳೆ. ಅದರಲ್ಲಿ ಒಂಬತ್ತು ಸಾಲು, ನಾಲ್ಕು ಕಂಬ, ತುಂಬ ಒಂದು, ಎರಡು, ಮೂರು ಎಂಬ ಅಂಕಿ.

ಲೆಕ್ಕ ಹೀಗೆ. ಬದಲಾಯಿಸಬಹುದಾದ ಸಂಗತಿಗಳು ನಾಲ್ಕು ಎಂದಿಟ್ಟುಕೊಳ್ಳಿ: ಕುಷನ್ ಪ್ರೆಶರು, ಪ್ರೆಸ್ಸಿನ ವೇಗ, ಎಣ್ಣೆ, ಬ್ಲ್ಯಾಂಕಿನ ಮೂಲೆಯನ್ನು ಎಷ್ಟು ಕತ್ತರಿಸುವುದು. ಪ್ರತಿಯೊಂದಕ್ಕೂ ಮೂರು ಮಟ್ಟ. ಎಲ್ಲ ಜೋಡಣೆಗಳನ್ನೂ ನೋಡಬೇಕಾದರೆ 81 ಪ್ರಯೋಗ. ಯಾವ ಮೊದಲಾಳಿಯೂ ಅಷ್ಟು ದಿನ ಪ್ರೆಸ್ಸು ಬಿಟ್ಟುಕೊಡುವುದಿಲ್ಲ. ಒಂದೊಂದನ್ನೇ ತಿರುವಿ ನೋಡುವುದು ಎಲ್ಲರೂ ಮಾಡುವ ಕೆಲಸ, ಆದರೆ ಈ ಎಣ್ಣೆಗೆ ಸರಿಹೋದ ಪ್ರೆಶರು ಆ ಎಣ್ಣೆಗೆ ಹೋಗುವುದಿಲ್ಲ. ಒಂಬತ್ತು ಸಾಲಿನ ಆ ಕೋಷ್ಟಕದಲ್ಲಿ ಯಾವ ಎರಡು ಕಂಬ ತೆಗೆದುಕೊಂಡರೂ, ಮೂರು ಮಟ್ಟಗಳ ಒಂಬತ್ತು ಜೋಡಿಗಳೂ ಒಂದೊಂದು ಸಲ ಬರುತ್ತವೆ, ಯಾವ ಜೋಡಿಯೂ ಎರಡು ಸಲ ಇಲ್ಲ. ಹಾಗಾಗಿ ಒಂಬತ್ತೇ ಪ್ರಯೋಗದಲ್ಲಿ ನಾಲ್ಕರ ಪ್ರಭಾವವನ್ನೂ ಬೇರೆ ಬೇರೆಯಾಗಿ ತೂಗಬಹುದು. ಜಪಾನಿನ ಗೆನಿಚಿ ಟಾಗುಚಿ ಇಂಥ ಕೋಷ್ಟಕಗಳನ್ನು ಕಾರ್ಖಾನೆಯ ಬಳಕೆಗೆ ತಂದವರು, ಅದಕ್ಕೆ ಎಲ್ಲರೂ ಟಾಗುಚಿ ವಿಧಾನ ಎನ್ನುತ್ತಾರೆ.

ಹೆಸರು ಜಪಾನಿನದಾದರೂ ಬೇರು ಇನ್ನೂ ಹತ್ತಿರದಲ್ಲಿದೆ. ಆರ್ಥೋಗನಲ್ ಅರೇ ಎಂಬ ಈ ಜೋಡಣೆಯನ್ನು ಗಣಿತವಾಗಿ ರೂಪಿಸಿದವರು ಸಿ. ಆರ್. ರಾವ್, 1940ರ ದಶಕದಲ್ಲಿ, ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ. ಮನೆಮಾತು ತೆಲುಗು, ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ. ಆಗ ಹಡಗಲಿ ಸೇರಿದ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಷ್ಟೇ ಮೈಸೂರಿಗೆ ಬಂದದ್ದು. ಟಾಗುಚಿ 1954-55ರಲ್ಲಿ ಕಲ್ಕತ್ತೆಯ ಅದೇ ಸಂಸ್ಥೆಯಲ್ಲಿ ಅತಿಥಿಯಾಗಿದ್ದರು. ರಾವ್ 2023ರ ಆಗಸ್ಟಿನಲ್ಲಿ 102ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರ ಪ್ರಶಸ್ತಿಗಳ ಬಗ್ಗೆ ಬರೆದವು. ಆಯಿಲ್ ಪ್ಯಾನಿಗೂ ಅವರಿಗೂ ಇರುವ ನಂಟು ಬರೆಯುವಂಥದ್ದು ಎಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಹುಡುಗಿ ಇದನ್ನು ಹೇಳಿದಾಗ ಮೇಸ್ತ್ರಿ ಕೇಳಿದ್ದು ಒಂದೇ: ‘ಹಡಗಲಿಯವರಾ? ನಮ್ಮೂರಿಂದ ಬಸ್ಸೈತಲ್ಲ.’

ಜಪಾನಿನ ಈ ವಿದ್ಯೆ ಮದ್ರಾಸಿನ ಗಲ್ಲಿಗೆ ಇಳಿದ ದಾರಿಯೂ ಸ್ವಾರಸ್ಯವಾದದ್ದೇ. ಪಾಡಿಯ ಸುಂದರಂ-ಕ್ಲೇಟನ್ನಿನ ಬ್ರೇಕ್ ವಿಭಾಗಕ್ಕೆ 1998ರಲ್ಲಿ ಡೆಮಿಂಗ್ ಪ್ರಶಸ್ತಿ ಬಂತು, ಭಾರತದ ಕಂಪನಿಯೊಂದಕ್ಕೆ ಅದೇ ಮೊದಲು. ದೊಡ್ಡ ಕಂಪನಿಗಳು ಕಲಿತದ್ದನ್ನು ತಮಗೆ ಮಾಲು ಕೊಡುವವರಿಗೆ ದಾಟಿಸಿದವು. ಅವರು ತಮಗೆ ಕೊಡುವವರಿಗೆ. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅದು ಗೋಡೆಗೆ ಅಂಟಿಸಿದ ಚಾರ್ಟು ಮಾತ್ರ ಆಗಿಹೋಗುತ್ತಿತ್ತು. ಆಡಿಟ್ ಬರುವ ಮುಂಚಿನ ರಾತ್ರಿ ಕೂತು ಚಾರ್ಟಿನ ಚುಕ್ಕೆಗಳನ್ನೆಲ್ಲ ಒಟ್ಟಿಗೆ ತುಂಬುವುದನ್ನು ಮೇಸ್ತ್ರಿ ಎಷ್ಟೋ ಕಡೆ ಕಂಡಿದ್ದರು. ಈ ಹುಡುಗಿಯ ಹಾಳೆಯನ್ನೂ ಅವರು ಆ ಲೆಕ್ಕಕ್ಕೇ ಸೇರಿಸಿದ್ದರು.

ಮನಸ್ಸು ತಿರುಗಿದ್ದು ವೃತ್ತಗಳಿಂದ. ಅವಳು ಕಾಲೇಜಿನಿಂದ ಒಂದು ಡಬ್ಬಿ ತಂದಿದ್ದಳು. ಬ್ಯಾಟರಿಯ ಕರೆಂಟಿನಿಂದ ತಗಡಿನ ಮೇಲೆ ಸಣ್ಣ ಸಣ್ಣ ವೃತ್ತಗಳನ್ನು ಸುಟ್ಟು ಅಚ್ಚೊತ್ತುವ ಸಾಧನ. ಇಡೀ ಬ್ಲ್ಯಾಂಕಿನ ಮೇಲೆ ಸಾಲು ಸಾಲು ವೃತ್ತ. ಅದನ್ನು ಪ್ರೆಸ್ಸಿಗೆ ಕೊಟ್ಟು ಹೊರತೆಗೆದಾಗ, ತಳದ ನಡುವೆ ಇದ್ದ ವೃತ್ತಗಳು ವೃತ್ತಗಳಾಗಿಯೇ ಇದ್ದವು. ಮೂಲೆಯ ಅಂಚಿನವು ಉದ್ದುದ್ದ ಅವರೆಕಾಯಿಯ ಹಾಗೆ, ಒಂದು ಕಡೆ ಚಾಚಿ ಇನ್ನೊಂದು ಕಡೆ ಚಪ್ಪಟೆ. ತಳದ ಮೂಲೆ ತಿರುಗುವ ಕಡೆ ಮೊಟ್ಟೆಯಾಗಿದ್ದವು, ಒಂದು ಕಡೆಗೆ ಹಿಗ್ಗಿದ್ದವು, ಇನ್ನೊಂದು ಕಡೆಗೆ ಕುಗ್ಗಿರಲಿಲ್ಲ. ಅಂದರೆ ಆ ಹಿಗ್ಗಿಗೆ ಬೇಕಾದ ಲೋಹ ಪಕ್ಕದಿಂದ ಬಂದಿಲ್ಲ, ದಪ್ಪದಿಂದ ಬಂದಿದೆ. 1.2 ಇದ್ದದ್ದು ಅಲ್ಲಿ 0.9ರ ಹತ್ತಿರ ಇಳಿದಿತ್ತು. ಸ್ಟುವರ್ಟ್ ಕೀಲರ್ ಮತ್ತು ಗಾರ್ಟನ್ ಗುಡ್ವಿನ್ 1960ರ ದಶಕದಲ್ಲಿ ಇಂಥ ವೃತ್ತಗಳನ್ನು ಅಳೆದಳೆದೇ, ತಗಡು ಎಷ್ಟು ಹಿಗ್ಗಿದರೆ ಹರಿಯುತ್ತದೆ ಎಂಬ ಗೆರೆಯನ್ನು ಎಳೆದದ್ದು. ಇವತ್ತು ದೊಡ್ಡ ಕಂಪನಿಗಳು ಆಟೋಫಾರ್ಮ್‌ನಂಥ ಸಾಫ್ಟ್‌ವೇರಿನಲ್ಲಿ ಅಚ್ಚು ಮಾಡುವ ಮುಂಚೆಯೇ ಆ ಗೆರೆಯನ್ನು ನೋಡಿಕೊಳ್ಳುತ್ತವೆ. ಅದರ ಲೈಸೆನ್ಸಿನ ಬೆಲೆಯಲ್ಲಿ ಈ ಶಾಪಿಗೆ ಇನ್ನೊಂದು ಪ್ರೆಸ್ಸು ಬರುತ್ತದೆ.

ಮೇಸ್ತ್ರಿ ಆ ಪ್ಯಾನನ್ನು ಮಧ್ಯಾಹ್ನವೆಲ್ಲ ಕೈಬಿಡಲಿಲ್ಲ. ಬೆರಳಿಲ್ಲದ ಬೆರಳಿನಿಂದ ಒಂದೊಂದೇ ಮೊಟ್ಟೆಯನ್ನು ಸವರುತ್ತಿದ್ದರು. ಮೂವತ್ತು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಮೊದಲ ಸಲ ಕಣ್ಣಲ್ಲಿ ನೋಡುತ್ತಿದ್ದರು. ಆಮೇಲೆ ಹುಡುಗಿಯನ್ನು ಕರೆದು ಹೇಳಿದ ಮಾತೇ ಪ್ರಯೋಗದ ದಿಕ್ಕು ತಿರುಗಿಸಿದ್ದು.

‘ನೋಡವ್ವ, ಇದು ಬೆಳಿಗ್ಗಿ ಒಂದು ಥರ, ಮಧ್ಯಾಹ್ನ ಒಂದು ಥರ. ಬೆಳಿಗ್ಗಿ ಎಣ್ಣಿ ಗಟ್ಟಿ ಇರ್ತತಿ, ತಗಡು ಸರಾಗ ಜಾರ್ತತಿ, ಸುಕ್ಕು ಬರ್ತತಿ. ಮಧ್ಯಾಹ್ನ ಅಚ್ಚು ಕಾದು ಎಣ್ಣಿ ನೀರಾಗ್ತತಿ, ಹಿಡ್ಕೊಂತತಿ, ಹರೀತತಿ. ನಿನ್ನ ಹಾಳ್ಯಾಗ ಇದನ್ನ ಎಲ್ಲಿ ಬರೀತೀ?’

ಹಾಳೆಯಲ್ಲಿ ಅದಕ್ಕೆ ಜಾಗ ಇರಲಿಲ್ಲ. ಆದರೆ ಟಾಗುಚಿಯ ವಿಚಾರದಲ್ಲಿ ಇತ್ತು, ಅದೇ ಅದರ ಜೀವ ಎಂದರೂ ಸರಿ. 1950ರ ದಶಕದಲ್ಲಿ ಜಪಾನಿನ ಇನಾ ಎಂಬ ಹೆಂಚಿನ ಕಂಪನಿಯಲ್ಲಿ ಗೂಡಿನ ಒಳಗೆ ಶಾಖ ಎಲ್ಲ ಕಡೆ ಒಂದೇ ಇರುತ್ತಿರಲಿಲ್ಲ, ಹೆಂಚುಗಳ ಅಳತೆ ಹೆಚ್ಚುಕಡಿಮೆಯಾಗುತ್ತಿತ್ತು. ಹೊಸ ಗೂಡು ಕಟ್ಟುವುದು ಭಾರೀ ಖರ್ಚು. ಅವರು ಗೂಡನ್ನು ಮುಟ್ಟಲಿಲ್ಲ. ಮಣ್ಣಿಗೆ ಸುಣ್ಣದ ಪಾಲು ಹೆಚ್ಚಿಸಿದರು, ಶಾಖ ಹೆಚ್ಚುಕಡಿಮೆಯಾದರೂ ಹೆಂಚು ಕೆಡುವುದು ಕಡಿಮೆಯಾಯಿತು. ತೊಂದರೆಯ ಕಾರಣವನ್ನು ತೆಗೆಯಲು ಆಗದಿದ್ದರೆ ಅದು ತಾಕದ ಹಾಗೆ ಮಾಡು ಎಂಬ ಯೋಚನೆ. ಪಲ್ಲಾವರಂನ ಮೇ ತಿಂಗಳ ಮಧ್ಯಾಹ್ನವನ್ನು ತೆಗೆಯಲು ಯಾರಿಗೂ ಆಗುವುದಿಲ್ಲ. ಹಾಗಾಗಿ ಒಂಬತ್ತು ಸಾಲುಗಳನ್ನೂ ಬೆಳಿಗ್ಗೆ ಆರಾರು, ಮಧ್ಯಾಹ್ನ ಆರಾರು ಪೀಸು ಒತ್ತಿ ನೋಡುವುದೆಂದಾಯಿತು. ಒಟ್ಟು 108. ‘ಅಷ್ಟೋತ್ತರ’ ಎಂದರು ಮೇಸ್ತ್ರಿ. 108 ತಗಡಿನ ಬೆಲೆಯನ್ನು ಮನಸ್ಸಿನಲ್ಲೇ ಕೂಡಿ ಮೊದಲಾಳಿ ಹಣೆ ಒತ್ತಿಕೊಂಡ.

ಎಣ್ಣೆಯ ಮೂರು ಮಟ್ಟ: ಮಾಮೂಲಿ ತೆಳು ಎಣ್ಣೆ, ಗಟ್ಟಿ ಡ್ರಾಯಿಂಗ್ ಕಾಂಪೌಂಡ್, ತಗಡಿಗೂ ಮೇಲಿನ ಅಚ್ಚಿಗೂ ನಡುವೆ ಪಾಲಿಥೀನ್ ಹಾಳೆ. ಪಾಲಿಥೀನು ಹಳೇ ಸೆಟ್ಟರುಗಳ ಕೈಚಳಕ, ತುಂಬ ಜಾರುತ್ತದೆ, ಆದರೆ ಆಮೇಲೆ ಒಂದೊಂದರಿಂದಲೂ ಸುಲಿದು ತೆಗೆಯಬೇಕು. ಇನ್ನೊಂದು ವಿಷಯವನ್ನು ಮೇಸ್ತ್ರಿ ಹಟ ಹಿಡಿದು ಎಲ್ಲ ಸಾಲಿಗೂ ಒಂದೇ ಮಾಡಿಸಿದರು. ಹುಡುಗರು ಎಣ್ಣೆಯನ್ನು ದೋಸೆಯ ಕಾವಲಿಗೆ ಸವರಿದ ಹಾಗೆ ಇಡೀ ತಗಡಿಗೆ ಸವರುತ್ತಾರೆ. ಅದು ತಪ್ಪು. ಅಂಚು ಜಾರಬೇಕು, ಅಲ್ಲಿಗೆ ಎರಡೂ ಕಡೆ ಎಣ್ಣೆ ಬೇಕು. ಪಂಚು ತಾಕುವ ನಡುಭಾಗ ಒಣಗಿರಬೇಕು. ಅಲ್ಲಿ ಉಕ್ಕು ಉಕ್ಕನ್ನು ಹಿಡಿದುಕೊಂಡರೆ ತಳ ಹಿಗ್ಗುವುದಿಲ್ಲ, ಮೂಲೆ ತೆಳುವಾಗುವುದು ಕಡಿಮೆ. ಘರ್ಷಣೆ ಒಂದು ಕಡೆ ಶತ್ರು, ಒಂದು ಕೈಯಳತೆಯ ಆಚೆ ಮಿತ್ರ. ಪುಸ್ತಕದಲ್ಲೂ ಹಾಗೇ ಇದೆ ಎಂದು ಹುಡುಗಿ ತೋರಿಸಿದಾಗ ಮೇಸ್ತ್ರಿಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಪುಸ್ತಕದಲ್ಲಿ ಇದ್ದದ್ದನ್ನು ತಮಗೆ ಯಾರೂ ಹೇಳಿರಲಿಲ್ಲ, ಸೀಳಿದ ತಗಡುಗಳಿಂದ ಕಲಿಯಬೇಕಾಯಿತು.

ನಾಲ್ಕು ದಿನ ಹಿಡಿಯಿತು. ಪ್ರತಿ ಪ್ಯಾನಿನ ನಾಲ್ಕು ಮೂಲೆಯ ದಪ್ಪ, ಅಂಚಿನ ಸುಕ್ಕಿನ ಎತ್ತರ, ಗುಳ್ಳೆ ಬಂತೋ ಇಲ್ಲವೋ. ಬರೆದುಕೊಂಡದ್ದು ಹೆಲ್ಪರ್ ಹುಡುಗ, ಅಕ್ಷರ ಅವನದೇ ಚೆನ್ನ. ಮೂರನೇ ದಿನ ಕರೆಂಟು ಹೋಗಿ ಆ ಮಧ್ಯಾಹ್ನದ ಹನ್ನೆರಡು ಪೀಸನ್ನು ಮತ್ತೆ ಮಾಡಬೇಕಾಯಿತು.

ಲೆಕ್ಕ ಹೊರಬಿದ್ದಾಗ ಇಬ್ಬರೂ ಅಂದುಕೊಂಡದ್ದು ಸುಳ್ಳಾಗಿತ್ತು. ಹುಡುಗಿ ಎಣ್ಣೆ ಎಂದಿದ್ದಳು, ಮೇಸ್ತ್ರಿ ಪ್ರೆಶರು ಎಂದಿದ್ದರು. ಎಲ್ಲಕ್ಕಿಂತ ದೊಡ್ಡ ಪ್ರಭಾವ ಬ್ಲ್ಯಾಂಕಿನ ಮೂಲೆಯ ಕತ್ತರಿಯದು. ಮೂಲೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಲೋಹ ಇತ್ತು. ಅಷ್ಟನ್ನೂ ಒಳಕ್ಕೆ ಎಳೆಯಲು ಹೋಗಿ ತಳ ಸೋಲುತ್ತಿತ್ತು. ಕೆಲವು ಮಿಲಿಮೀಟರ್ ಹೆಚ್ಚು ಕತ್ತರಿಸಿದರೆ ಎಳೆಯುವ ಭಾರವೇ ಇಳಿಯುತ್ತಿತ್ತು. ಎರಡನೆಯದು ಎಣ್ಣೆ, ಅದರಲ್ಲೂ ಬೆಳಿಗ್ಗೆ ಮಧ್ಯಾಹ್ನದ ವ್ಯತ್ಯಾಸವನ್ನು ಹುಟ್ಟಿಸುತ್ತಿದ್ದದ್ದು ಮುಖ್ಯವಾಗಿ ತೆಳು ಎಣ್ಣೆ. ಪ್ರೆಶರು ಮೂರನೆಯದು. ವೇಗಕ್ಕೆ ಹೇಳಿಕೊಳ್ಳುವಂಥ ಪಾತ್ರವೇ ಇರಲಿಲ್ಲ.

ಬ್ಲ್ಯಾಂಕಿನ ಡ್ರಾಯಿಂಗು ಅಚ್ಚಿನ ಜೊತೆಗೇ ಬಂದದ್ದು, ಗ್ರಾಹಕ ಕಂಪನಿಯ ಸಹಿ ಇತ್ತು, ಅದನ್ನು ಮುಟ್ಟಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದರು. ‘ವಾಲ್ವು ಕೈಗೆ ಸಿಗ್ತಿತ್ತು, ಅದಕ್ಕೇ ಅದನ್ನ ತಿರುವಿದ್ವಿ’ ಎಂದರು.

ಒಂಬತ್ತರಲ್ಲಿ ಸರಾಸರಿಗೆ ಚೆನ್ನಾಗಿದ್ದ ಸಾಲನ್ನೇ ಆರಿಸಲಿಲ್ಲ. ಅದು ಬೆಳಿಗ್ಗೆ ಬಹಳ ಚೆಂದ, ಮಧ್ಯಾಹ್ನ ಸಾಧಾರಣ. ಪಾಲಿಥೀನು ಎರಡೂ ಹೊತ್ತು ಒಂದೇ ಥರ ಇದ್ದರೂ ಸುಲಿಯುವ ಕೂಲಿ ಮೊದಲಾಳಿಗೆ ಒಪ್ಪಿಗೆಯಾಗಲಿಲ್ಲ. ಗಟ್ಟಿ ಕಾಂಪೌಂಡು, ಮೂಲೆಯ ನಡುಮಟ್ಟದ ಕತ್ತರಿ, ಗೇಜಿನಲ್ಲಿ 45 ಕೆಜಿ ಪ್ರೆಶರು. ಈ ಜೋಡಣೆ ಒಂಬತ್ತು ಸಾಲಿನಲ್ಲಿ ಇರಲೇ ಇಲ್ಲ, ಲೆಕ್ಕ ಅದನ್ನು ಊಹಿಸಿತ್ತು. ಅದಕ್ಕೇ ದೃಢಪಡಿಸುವ ಓಟ ಬೇಕು. ಈ ಹಂತವನ್ನು ಬಿಟ್ಟುಬಿಡುವವರು ಬಹಳ, ಥೀಸಿಸ್ಸುಗಳಲ್ಲೂ. ಒಂಬತ್ತು ಸಾಲಿಗೆ ನಾಲ್ಕು ಸಂಗತಿ ತುಂಬಿದರೆ, ಎರಡು ಸಂಗತಿಗಳು ಸೇರಿ ಮಾಡುವ ಕಿತಾಪತಿಯನ್ನು ಬೇರೆಯಾಗಿ ನೋಡಲು ಕೋಷ್ಟಕದಲ್ಲಿ ಜಾಗವೇ ಉಳಿಯುವುದಿಲ್ಲ. ಜಾರ್ಜ್ ಬಾಕ್ಸ್‌ರಂಥ ಸಂಖ್ಯಾಶಾಸ್ತ್ರಜ್ಞರು ಟಾಗುಚಿಯ ಲೆಕ್ಕದ ಕ್ರಮವನ್ನು ಟೀಕಿಸಿದ್ದರಲ್ಲಿ ಹುರುಳಿದೆ. ಕೋಷ್ಟಕ ದಾರಿ ತೋರಿಸುತ್ತದೆ, ದಾರಿ ಸರಿಯೋ ಎಂದು ನಡೆದೇ ನೋಡಬೇಕು. ಗ್ರಾಹಕ ಕಂಪನಿಯಿಂದ ಕತ್ತರಿಗೆ ಒಪ್ಪಿಗೆ ಬರಲು ಮೂರು ವಾರ. ಬಂದ ಮೇಲೆ ಎರಡು ಪಾಳಿಯಲ್ಲಿ ಇನ್ನೂರು ಪೀಸು ಒತ್ತಿದರು. ನೀರಿನ ತೊಟ್ಟಿಯಲ್ಲಿ ಗುಳ್ಳೆ ಬಂದದ್ದು ಮೂರರಲ್ಲಿ.

ಪಲ್ಲಾವರಂಗೆ ಆಕಾರ ಕೊಡುವ ಕೆಲಸ ಹೊಸತೇನಲ್ಲ. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ ಒಂದು ಜಲ್ಲಿಗುಂಡಿಯಲ್ಲಿ ಹಳೇ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದ್ದು, ಭಾರತದಲ್ಲಿ ಅಂಥದ್ದು ಸಿಕ್ಕದ್ದು ಅದೇ ಮೊದಲು. ಕಲ್ಲಿನವನಿಗೆ ಒಂದು ಅನುಕೂಲ ಇತ್ತು, ಬೇಡದ್ದನ್ನು ಚಕ್ಕೆ ಎಬ್ಬಿಸಿ ಎಸೆಯಬಹುದಿತ್ತು. ಎಳೆಯುವ ತಗಡಿನಲ್ಲಿ ಎಸೆಯುವುದೇನೂ ಇಲ್ಲ, ಇದ್ದದ್ದನ್ನೇ ಇಲ್ಲಿಂದ ಅಲ್ಲಿಗೆ ಸರಿಸಬೇಕು. ಮೇಸ್ತ್ರಿಗೆ ಈ ಫೂಟ್ ಸಾಹೇಬರ ಸುದ್ದಿ ಗೊತ್ತಿಲ್ಲ. ಹೇಳಿದರೆ ಆ ಕಲ್ಲನ್ನು ಬೆಳಕಿಗೆ ಹಿಡಿದು ನೋಡಬೇಕು ಎಂದಾರು.

ಈಗ ಪ್ರೆಸ್ಸಿನ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿದ ಕಾರ್ಡು ನೇತಾಡುತ್ತದೆ. ಪ್ರೆಶರು ಇಷ್ಟು, ಎಣ್ಣೆ ಇಂಥದ್ದು, ಸವರುವುದು ಇಲ್ಲಿ, ಸವರಬಾರದ್ದು ಇಲ್ಲಿ. ಆರು ತಿಂಗಳ ಹಿಂದೆ ಸೇರಿದ ಹುಡುಗನೂ ಅದನ್ನು ನೋಡಿ ಸೆಟ್ ಮಾಡುತ್ತಾನೆ. ಎರಡನೇ ಪಾಳಿ ಉಳಿಯಿತು. ಹುಡುಗಿಗೆ ಒಂದು ಅಳುಕಿತ್ತು, ಹೋಗುವ ಮುಂಚೆ ಕೇಳಿಯೂ ಬಿಟ್ಟಳು: ‘ಕಾಕಾ, ನಿಮ್ಮ ಕೆಲ್ಸ ಕಾರ್ಡಿಗೆ ಕೊಟ್ಟಂಗಾತಲ್ಲ?’ ಮೇಸ್ತ್ರಿ ನಕ್ಕರು, ಉತ್ತರ ಕೊಡಲಿಲ್ಲ. ಮುಂದಿನ ತಿಂಗಳು ಹೊಸ ಕಾಯಿಲ್ ಬಂದಾಗ ಕಾರ್ಡಿನ ಪ್ರೆಶರಿಗೆ ಮೊದಲ ಹತ್ತರಲ್ಲಿ ಎರಡು ಸೀಳಿದವು. ಮೇಸ್ತ್ರಿ ತಗಡಿನ ಒಂದು ಪಟ್ಟಿಯನ್ನು ಮೊಣಕಾಲಿನ ಮೇಲಿಟ್ಟು ಬಗ್ಗಿಸಿ, ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂದು ನೋಡಿದರು. ಈ ಲಾಟು ಗಡಸು. 42 ಎಂದು ಹೇಳಿ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ಬರೆದರು, ಪಕ್ಕದಲ್ಲಿ ಕಾಯಿಲಿನ ನಂಬರು. ಹಾಗೆ ಬರೆದಿಡುವುದು ಮಾತ್ರ ಹೊಸ ಅಭ್ಯಾಸ. ಈಗ ಕಾರ್ಡಿನ ಹಿಂಬದಿ ಅರ್ಧ ತುಂಬಿದೆ. ಸಂಬಳ ಅಷ್ಟೇ ಇದೆ.

ಅದೇ ಶಾಪಿನ ಹಿಂದಿನ ಶೆಡ್ಡಿನಲ್ಲಿ ಹಳೇ ಮೆಕ್ಯಾನಿಕಲ್ ಪವರ್ ಪ್ರೆಸ್ಸು ಇದೆ, ಸಣ್ಣ ಬ್ರಾಕೆಟ್ಟುಗಳಿಗೆ. ಹೈಡ್ರಾಲಿಕ್ ಪ್ರೆಸ್ಸಿನ ಹಾಗೆ ಅದನ್ನು ನಡುವೆ ನಿಲ್ಲಿಸಲಾಗುವುದಿಲ್ಲ, ಪೆಡಲ್ ತುಳಿದರೆ ಇಳಿದೇ ತೀರುತ್ತದೆ. ಸೇಫ್ ಇನ್ ಇಂಡಿಯಾ ಎಂಬ ಸಂಸ್ಥೆ 2019ರಿಂದ ವಾಹನ ಬಿಡಿಭಾಗಗಳ ಕಾರ್ಖಾನೆಗಳ ಗಾಯಗಳ ಬಗ್ಗೆ ‘ಕ್ರಷ್ಡ್’ ಎಂಬ ಹೆಸರಿನಲ್ಲಿ ವರದಿ ತರುತ್ತಿದೆ. ಅದರಲ್ಲಿ ಮತ್ತೆ ಮತ್ತೆ ಬರುವ ಯಂತ್ರ ಈ ಪವರ್ ಪ್ರೆಸ್ಸೇ, ಹೋಗುವುದು ಹೆಚ್ಚಾಗಿ ಬೆರಳೇ. ಬೆಳಕಿನ ಪರದೆಯ ಸೆನ್ಸರು ಹಾಕಿ, ಜೊತೆಗೆ ಹೊಸ ಕ್ಲಚ್ಚು ಬ್ರೇಕು ಕೂರಿಸಿದರೆ ಕೈ ಒಳಗಿದ್ದಾಗ ಅದು ಇಳಿಯುವುದಿಲ್ಲ. ಪ್ರಾಜೆಕ್ಟು ಮುಗಿದ ವಾರ ಹುಡುಗಿ ಅದರ ಎಸ್ಟಿಮೇಟು ತರಿಸಿ ಮೊದಲಾಳಿಯ ಮೇಜಿನ ಮೇಲೆ ಇಟ್ಟಿದ್ದಳು. ಪ್ಯಾನಿನಲ್ಲಿ ಉಳಿದ ತಗಡಿನ ದುಡ್ಡಿನಲ್ಲಿ ಒಂದು ವರ್ಷಕ್ಕೆ ತೀರುತ್ತದೆ ಎಂಬ ಲೆಕ್ಕವನ್ನೂ ಕೆಳಗೆ ಬರೆದಿದ್ದಳು. ಮೊದಲಾಳಿ ಬೇಡ ಎನ್ನಲಿಲ್ಲ. ದೀಪಾವಳಿ ಕಳೆಯಲಿ ಎಂದ. ಕಳೆಯಿತು. ಪೊಂಗಲ್ ಕಳೆಯಲಿ ಎಂದ.

ಮೇಸ್ತ್ರಿ ವಾರಕ್ಕೊಮ್ಮೆ ಆ ಕಾಗದ ಮೇಜಿನ ಮೇಲೆ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ಬೇರೆ ಬಿಲ್ಲುಗಳ ಅಡಿಗೆ ಹೋಗಿದ್ದರೆ ತೆಗೆದು ಮೇಲಿಡುತ್ತಾರೆ. ಆಮೇಲೆ ಸಂತೆಗೆ ಹೋಗುತ್ತಾರೆ.